ದೆವ್ವದ ಪ್ರೇಮಕ್ಕೊಂದು ಷರಾ

ದೆವ್ವ ಪ್ರೀತಿಸುವುದರಲ್ಲಿ ಅಂಥ ತೊಂದರೆಯೇನೂ ಇಲ್ಲ. ತೊಂದರೆ ಶುರುವಾಗುವುದು ಮದುವೆಯ ಮಾತು ಬಂದಾಗ. ಪ್ರೀತಿ ಮೈ ಇಲ್ಲದೆಯೂ ನಡೆದೀತು. ಹಸೆಮಣೆ ಮೇಲೆ ಕೂರಲು, ಧಾರೆಗೆ ಕೈ ಒಡ್ಡಲು, ಆಮೇಲೆ ತಿಂಗಳ ಸಾಮಾನಿನ ಚೀಟಿ ಹಿಡಿದು ಅಂಗಡಿಗೆ ಹೋಗಲು ಒಂದು ಮೈ ಬೇಕೇ ಬೇಕು. ಹಾಗಾಗಿ ಈ ಬಗೆಯ ಕಥೆ ಬರೆಯುವವರಿಗೆಲ್ಲ ಕೊನೆಗೆ ಉಳಿಯುವುದು ಮೂರೇ ದಾರಿ. ಬದುಕಿರುವವರು ಸಾಯಬೇಕು, ಸತ್ತವರು ಎದ್ದು ಬರಬೇಕು, ಇಲ್ಲವೇ ಇಬ್ಬರೂ ಕಣ್ಣೊರೆಸಿಕೊಂಡು ಬೇರೆಯಾಗಬೇಕು. 1947ರ ‘ದಿ ಘೋಸ್ಟ್ ಅಂಡ್ ಮಿಸೆಸ್ ಮ್ಯೂರ್’ ಸಿನಿಮಾ ಮೊದಲನೆಯ ದಾರಿ ಹಿಡಿಯಿತು. 1990ರ ‘ಘೋಸ್ಟ್’ ಮೂರನೆಯದನ್ನು. ನಮ್ಮ ‘ನಾ ನಿನ್ನ ಬಿಡಲಾರೆ’ (1979) ಮಾತ್ರ ಯಾವ ರಾಜಿಗೂ ಒಪ್ಪದೆ ದೆವ್ವವನ್ನೇ ಓಡಿಸಿತು. ನಾನು ಕಂಡ ಪ್ರೇಕ್ಷಕರಲ್ಲಿ ಒಬ್ಬರಾದರೂ ಆ ದೆವ್ವದ, ಅಂದರೆ ಕಾಮಿನಿಯ, ಪರವಾಗಿ ಮಾತಾಡಿದ್ದಿಲ್ಲ. ಎಲ್ಲರೂ ಅನಂತನಾಗ್ ಮತ್ತು ಲಕ್ಷ್ಮಿಯ ಕಡೆಯವರೇ.

ಕೊನೆ ಹಿಡಿಸದಿದ್ದರೆ ಬದಲಿಸುವವರೂ ಇದ್ದಾರೆ. ರಾಜಸ್ಥಾನದ ವಿಜಯದಾನ್ ದೇಥಾ ಬರೆದ ‘ದುವಿಧಾ’ ಕಥೆಯಲ್ಲಿ ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟ ಮೇಲೆ, ಮದುಮಗಳಿಗೆ ಮನಸೋತ ಒಂದು ಭೂತ ಅವನ ರೂಪ ತೊಟ್ಟು ಮನೆಗೆ ಬರುತ್ತದೆ. ಅವಳಿಗೆ ಮಾತ್ರ ನಿಜ ಹೇಳುತ್ತದೆ, ಆಕೆ ಒಪ್ಪುತ್ತಾಳೆ. ಕಡೆಗೆ ಕುರಿ ಕಾಯುವವನೊಬ್ಬ ಉಪಾಯದಿಂದ ಅದನ್ನು ಚರ್ಮದ ಚೀಲದಲ್ಲಿ ಹಿಡಿದು ಕಟ್ಟುತ್ತಾನೆ. ಮಣಿ ಕೌಲ್ 1973ರಲ್ಲಿ ಇದನ್ನು ಸಿನಿಮಾ ಮಾಡಿದರು. 2005ರಲ್ಲಿ ಅದೇ ಕಥೆ ‘ಪಹೇಲಿ’ಯಾಗಿ ಬಂದಾಗ ಭೂತ ಚೀಲದಲ್ಲಿ ಉಳಿಯಲಿಲ್ಲ. ಗಂಡನ ಮೈಯೊಳಗೆ ಸೇರಿಕೊಂಡು ಸಂಸಾರ ಹೂಡಿತು. ಓದುಗರ ಪ್ರತಿಕ್ರಿಯೆ ಎಂದರೆ ಇದಕ್ಕಿಂತ ದೊಡ್ಡದು ಇನ್ನೇನಿದೆ?

ಹದಿಹರೆಯದವರಿಗೆಂದೇ ಬರೆಯುವ ಭೂತಪ್ರೇಮದ ಕಾದಂಬರಿಗಳ ಕಥೆಯೂ ಇದೇ. ಅಮೆರಿಕದ ಮೆಗ್ ಕ್ಯಾಬಟ್ 2000ದಲ್ಲಿ, ಮೊದಲು ಜೆನ್ನಿ ಕ್ಯಾರಲ್ ಎಂಬ ಸುಳ್ಳು ಹೆಸರಿನಲ್ಲಿ, ‘ದಿ ಮೀಡಿಯೇಟರ್’ ಎಂಬ ಸರಣಿ ಶುರು ಮಾಡಿದರು. ಹದಿನಾರರ ಸೂಜ್ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾದ ಕಾರ್ಮೆಲ್ಲಿಗೆ ಬರುತ್ತಾಳೆ. ಹಳೆಯ ಮನೆ. ಅವಳ ಪಾಲಿಗೆ ಬಂದ ಕೋಣೆಯ ಕಿಟಕಿಯ ಬಳಿ ನೂರೈವತ್ತು ವರ್ಷದ ಹಿಂದೆ ಅಲ್ಲೇ ಕೊಲೆಯಾದ ಜೆಸ್ಸಿ ಎಂಬ ಸ್ಫುರದ್ರೂಪಿ ಕೂತಿದ್ದಾನೆ. ಸೂಜ್‌ಗೆ ದೆವ್ವಗಳು ಕಾಣುತ್ತವೆ; ಕಂಡರೆ ಹೆದರುವುದಿಲ್ಲ, ಬೇಕಾದರೆ ಒದೆಯುತ್ತಾಳೆ. ನಮ್ಮಕ್ಕನ ಮಗಳು ಇದನ್ನು ಪೆನ್ಸಿಲ್ ಹಿಡಿದು ಓದುತ್ತಿದ್ದ ಕಾಲದಲ್ಲಿ ನಮ್ಮ ದೊಡ್ಡಮ್ಮ ಮನೆಗೆ ಬಂದಿದ್ದರು. ಕಥೆ ಏನೆಂದು ಕೇಳಿದರು.

“ಹುಡುಗನಿಗೆ ವಯಸ್ಸೆಷ್ಟೇ?”

“ಇಪ್ಪತ್ತು ಅಜ್ಜಿ. ಆದ್ರೆ ಸತ್ತು ನೂರೈವತ್ತು ವರ್ಷ ಆಗಿದೆ.”

“ಅಂದ್ರೆ ನೂರೆಪ್ಪತ್ತು. ನಂಗೂ ನಿಮ್ಮ ತಾತಂಗೂ ಹನ್ನೊಂದು ವರ್ಷ ಅಂತರ ಅಂದಿದ್ದಕ್ಕೆ ಮೊನ್ನೆ ಅಷ್ಟು ಕೂಗಾಡಿದ್ಯಲ್ಲೇ!”

“ಅದು ಬೇರೆ ಅಜ್ಜಿ.”

“ಎಲ್ಲಿರ್ತಾನೆ?”

“ಅವಳ ರೂಮಲ್ಲೇ. ಮನೆಯವರಿಗ್ಯಾರಿಗೂ ಕಾಣ್ಸಲ್ಲ.”

“ಕಾಣ್ಸಿದ್ರೆ ಒಂದು ತರ. ಕಾಣ್ಸದೇ ಇರೋನು ಇನ್ನೂ ಅಪಾಯ.”

ಹುಡುಗಿ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಆದರೆ ದೊಡ್ಡಮ್ಮನ ಎರಡು ಆಕ್ಷೇಪಗಳೂ ಅಪ್ಪಟ ವಿಮರ್ಶೆ. ವಯಸ್ಸಿನ ಅಂತರ, ಹೇಳದೆ ಕೇಳದೆ ಹುಡುಗಿಯ ಕೋಣೆಯಲ್ಲಿ ವಾಸ: ಇಂಥ ಕಾದಂಬರಿಗಳನ್ನು ಓದಿದ ದೊಡ್ಡವರು ಎಲ್ಲ ದೇಶದಲ್ಲೂ ಇವನ್ನೇ ಎತ್ತುತ್ತಾರೆ. ಓದುವ ಹುಡುಗಿಯರಿಗೂ ಅದು ಗೊತ್ತು. ಗೊತ್ತಿದ್ದೇ ಪುಟ ತಿರುಗಿಸುತ್ತಾರೆ. ಆರನೆಯ ಪುಸ್ತಕದಲ್ಲಿ ಜೆಸ್ಸಿಗೆ ಮತ್ತೆ ಜೀವ ಬರುತ್ತದೆ. 2016ರಲ್ಲಿ ಬಂದ ಮುಂದಿನ ಭಾಗದ ಹೊತ್ತಿಗೆ ಅವನು ವೈದ್ಯ. ಈ ಸುದ್ದಿ ತಲುಪಿದಾಗ ದೊಡ್ಡಮ್ಮ ಹುಡುಗಿಯನ್ನೇ ಗದರಿದರು: “ಡಾಕ್ಟರಾ? ಮೊದಲೇ ಹೇಳೋದಲ್ವೇನೇ!”

ಇದೆಲ್ಲ ಈ ಕಾಲದ ಹುಚ್ಚು ಎನ್ನುವವರಿಗೆ ನಾನು 1598ರ ಒಂದು ನಾಟಕ ತೋರಿಸುತ್ತೇನೆ. ಚೀನಾದ ತಾಂಗ್ ಶ್ಯೆನ್‌ಜು ಬರೆದ ‘ಪಿಯೋನಿ ಮಂಟಪ’. ಐವತ್ತೈದು ದೃಶ್ಯ. ಪೂರ್ತಿ ಆಡಿದರೆ ಹತ್ತೊಂಬತ್ತು ಇಪ್ಪತ್ತು ಗಂಟೆ ಹಿಡಿಯುತ್ತದೆ. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದ ನಮಗೆ ಅದೇನೂ ಹೆಚ್ಚಲ್ಲ ಬಿಡಿ. ನಾಯಕಿ ದು ಲಿನಿಯಾಂಗ್‌ಗೂ ಹದಿನಾರೇ. ಅಪ್ಪ ದು ಬಾವ್ ದೊಡ್ಡ ಅಧಿಕಾರಿ. ಮಗಳಿಗೆ ಪಾಠ ಹೇಳಲು ಒಬ್ಬ ಮುದಿ ಪಂಡಿತನನ್ನು ನೇಮಿಸುತ್ತಾನೆ. ಪಂಡಿತ ಪ್ರಾಚೀನ ಪದ್ಯವೊಂದರಿಂದ ನೀತಿ ತೆಗೆಯಲು ಹೊರಟರೆ ಹುಡುಗಿಗೆ ಅದರಲ್ಲಿ ಪ್ರೇಮ ಕಾಣುತ್ತದೆ. ಹಿತ್ತಲಿನ ತೋಟಕ್ಕೆ ಹೋಗುತ್ತಾಳೆ, ನಿದ್ದೆ ಬರುತ್ತದೆ, ಕನಸಿನಲ್ಲಿ ವಿಲೋ ಕೊಂಬೆ ಹಿಡಿದ ಒಬ್ಬ ತರುಣ ಬರುತ್ತಾನೆ. ಎದ್ದ ಮೇಲೆ ಅವನಿಗಾಗಿ ಕೊರಗಿ, ತನ್ನ ಚಿತ್ರ ತಾನೇ ಬರೆದಿಟ್ಟು ಸಾಯುತ್ತಾಳೆ. ಯಮಲೋಕದ ನ್ಯಾಯಾಧೀಶ ಕಡತ ನೋಡಿ ಅವಳ ಆತ್ಮಕ್ಕೆ ಓಡಾಡಲು ಅಪ್ಪಣೆ ಕೊಡುತ್ತಾನೆ. ಮೂರು ವರ್ಷದ ಮೇಲೆ ಕನಸಿನ ಹುಡುಗ ಲಿಯು ಮೆಂಗ್‌ಮೆಯ್ ಅದೇ ಊರಿಗೆ ಬಂದು ಆ ಚಿತ್ರ ನೋಡಿ ಮರುಳಾಗುತ್ತಾನೆ. ರಾತ್ರಿ ಬಾಗಿಲು ಬಡಿದ ಸದ್ದು. ನಮ್ಮ ಕಡೆಯಾದರೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಲಗುತ್ತಿದ್ದರು. ಅವನು ಅಗುಳಿ ತೆಗೆಯುತ್ತಾನೆ.

ಮುಂದೆ ಅವಳ ಮಾತಿನಂತೆ ಗೋರಿ ಅಗೆಯುತ್ತಾನೆ, ಹುಡುಗಿ ಎದ್ದು ಕೂರುತ್ತಾಳೆ. ನಾಟಕದ ತುಂಟತನ ಇರುವುದು ಇಲ್ಲಿಯೇ. ದೆವ್ವವಾಗಿದ್ದಾಗ ರಾತ್ರಿಯೆಲ್ಲ ಅವನ ಕೋಣೆಯಲ್ಲಿ ಕಳೆದವಳು, ಜೀವ ಬಂದ ತಕ್ಷಣ ಅಪ್ಪ ಅಮ್ಮ ಒಪ್ಪಬೇಕು, ಮಧ್ಯಸ್ಥರು ಬರಬೇಕು ಎಂದು ತಕರಾರು ತೆಗೆಯುತ್ತಾಳೆ. ದೆವ್ವಕ್ಕೆ ಶಾಸ್ತ್ರವಿಲ್ಲ, ಮನುಷ್ಯರಿಗೆ ಉಂಟು ಎಂಬುದು ಅವಳ ವಾದ. ಅಪ್ಪನೋ, ಅಳಿಯನನ್ನು ಗೋರಿ ಕಳ್ಳನೆಂದು ಹಿಡಿಸಿ ಹೊಡೆಸುತ್ತಾನೆ. ಮಗಳು ಕಣ್ಣೆದುರು ನಿಂತರೂ ನಂಬುವುದಿಲ್ಲ. ಕೊನೆಗೆ ಚಕ್ರವರ್ತಿಯ ಮುಂದೆ ಪಂಚಾಯಿತಿ. ಕನ್ನಡಿ ಹಿಡಿದು, ನೆರಳು ಬೀಳುತ್ತದೋ ಇಲ್ಲವೋ ಪರೀಕ್ಷಿಸಿ, ಹೆಣ್ಣು ಜೀವಂತವಿದ್ದಾಳೆಂದು ತೀರ್ಪಾಗುತ್ತದೆ.

ಈ ನಾಟಕ ಓದಿದ ಹೆಣ್ಣುಮಕ್ಕಳು ಏನಾದರು ಎಂಬುದು ನಾಟಕಕ್ಕಿಂತ ದೊಡ್ಡ ಕಥೆ. ಯು ಎಂಬ ಮನೆತನದ ಒಬ್ಬ ಹುಡುಗಿ ಪುಸ್ತಕದ ತುಂಬ ಸಣ್ಣಕ್ಷರದಲ್ಲಿ ಟಿಪ್ಪಣಿ ಬರೆದು ಹದಿನೇಳಕ್ಕೇ ತೀರಿಕೊಂಡಳು. ಸುದ್ದಿ ಕೇಳಿದ ತಾಂಗ್ ಶ್ಯೆನ್‌ಜು ಅವಳಿಗಾಗಿ ಪದ್ಯ ಬರೆದು ದುಃಖಿಸಿದ. ನಾಯಕಿಯ ಪಾತ್ರ ಮಾಡುತ್ತಿದ್ದ ಹಾಂಗ್‌ಝೌ ನಗರದ ನಟಿಯೊಬ್ಬಳು ಕೊರಗಿನ ದೃಶ್ಯದಲ್ಲಿ ರಂಗದ ಮೇಲೆಯೇ ಪ್ರಾಣ ಬಿಟ್ಟಳೆಂಬ ಕಥೆಯೂ ಉಂಟು. ದೊಡ್ಡವರಿಗೆ ಇಷ್ಟು ಸಾಕಲ್ಲ? ಇದು ಹೆಣ್ಣುಮಕ್ಕಳ ತಲೆ ಕೆಡಿಸುವ ಪುಸ್ತಕವೆಂದು ಷರಾ ಬರೆದರು. ಹದಿನೆಂಟನೆಯ ಶತಮಾನದ ‘ಕೆಂಪು ಮಹಲಿನ ಕನಸು’ ಕಾದಂಬರಿಯಲ್ಲಿ ಲಿನ್ ದಾಯ್ಯು ಎಂಬ ಹುಡುಗಿ ಈ ನಾಟಕದ ಹಾಡು ಗೋಡೆಯಾಚೆಯಿಂದ ತೇಲಿ ಬಂದದ್ದು ಕೇಳಿ ಅತ್ತುಬಿಡುತ್ತಾಳೆ. ಮುಂದೊಮ್ಮೆ ಆಟದ ಭರದಲ್ಲಿ ಅದರದೊಂದು ಸಾಲು ಬಾಯಿ ತಪ್ಪಿ ಬಂದದ್ದಕ್ಕೆ ಬಾವ್‌ಛಾಯ್ ಎಂಬ ಸಂಭಾವಿತ ಹುಡುಗಿ ಅವಳನ್ನು ಕೂರಿಸಿ ಬುದ್ಧಿ ಹೇಳುತ್ತಾಳೆ. ಬುದ್ಧಿ ಹೇಳುತ್ತಲೇ, ಚಿಕ್ಕಂದಿನಲ್ಲಿ ತಾನೂ ಕದ್ದು ಓದಿದ್ದೆನೆಂದು ಒಪ್ಪಿಕೊಳ್ಳುತ್ತಾಳೆ. ಓದದೆ ಅದು ಯಾವ ಸಾಲೆಂದು ಗೊತ್ತಾಗುವುದಾದರೂ ಹೇಗೆ?

ಹೀಗೆ ಕದ್ದು ಓದಿದವರೆಲ್ಲರಿಗೂ ಯಾರಿಗಾದರೂ ಹೇಳಿಕೊಳ್ಳಬೇಕೆಂಬ ಚಪಲ ಇರುತ್ತದೆ. ನಮ್ಮ ಊರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾದಂಬರಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀಲಿ ರಟ್ಟಿನ ಬೈಂಡು, ಒಳಗೆ ಪುಟಪುಟಕ್ಕೂ ಷರಾ. ‘ಮುಂದಿನ ಪುಟದಲ್ಲಿ ಇವಳು ಸಾಯುತ್ತಾಳೆ, ಕರ್ಚೀಫ್ ಇಟ್ಟುಕೊಳ್ಳಿ’ ಎಂದು ಒಬ್ಬರು. ‘ನಾನು ಅಳಲಿಲ್ಲ’ ಎಂದು ಕೆಳಗೆ ಇನ್ನೊಂದು ಶಾಯಿ. ‘ಕಲ್ಲು ಹೃದಯ’ ಎಂದು ಮತ್ತೊಂದು. ಒಬ್ಬರ ಮುಖ ಒಬ್ಬರು ನೋಡದ ಮೂವರು ಅಲ್ಲಿ ಜಗಳವಾಡಿ ಹೋಗಿರುತ್ತಾರೆ. ನಾಲ್ಕನೆಯವರಾಗಿ ಬಂದ ನಾವು ಕಥೆ ಬಿಟ್ಟು ಜಗಳವನ್ನೇ ಓದುತ್ತೇವೆ. ಬರೆದವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ದನಿ ಮಾತ್ರ ಅಲ್ಲೇ ಇದೆ. ದೆವ್ವಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣ ನನಗೆ ತೋಚುವುದಿಲ್ಲ.

‘ಪಿಯೋನಿ ಮಂಟಪ’ದ ಅಂಚಿನಲ್ಲಿ ಆದದ್ದೂ ಇದೇ, ಆದರೆ ಒಂದೇ ಮನೆಯೊಳಗೆ. ಹಾಂಗ್‌ಝೌದ ವು ರೆನ್ ಎಂಬ ಕವಿಗೆ ಚೆನ್ ತೊಂಗ್ ಎಂಬ ಹುಡುಗಿ ನಿಶ್ಚಯವಾಗಿದ್ದಳು. ಮದುವೆಗೆ ಮುಂಚೆಯೇ ಕಾಯಿಲೆ ಬಿದ್ದು ತೀರಿಕೊಂಡಳು. ಓದುವ ಹುಚ್ಚಿನಿಂದಲೇ ಮಗಳ ಆರೋಗ್ಯ ಕೆಟ್ಟಿತೆಂದು ತಾಯಿ ಅವಳ ಪುಸ್ತಕಗಳನ್ನು ಸುಡಿಸಿದ್ದಳು. ದಾದಿಯ ಕೈಯಲ್ಲಿ ಒಂದು ಮಾತ್ರ ಉಳಿಯಿತು: ‘ಪಿಯೋನಿ ಮಂಟಪ’ದ ಮೊದಲ ಸಂಪುಟ, ಅಂಚಿನ ತುಂಬ ಹುಡುಗಿಯ ಟಿಪ್ಪಣಿ. ಅದು ಆಮೇಲೆ ವು ರೆನ್ ಕೈ ಸೇರಿತು. ಅವನು ತಾನ್ ಝೆ ಎಂಬವಳನ್ನು ಮದುವೆಯಾದ. ಗಂಡನಿಗೆ ಮೊದಲು ನಿಶ್ಚಯವಾಗಿದ್ದ ಹೆಣ್ಣಿನ ಪುಸ್ತಕ ಮನೆಯಲ್ಲಿ ಸಿಕ್ಕರೆ ಹೊಸ ಹೆಂಡತಿ ಏನು ಮಾಡುತ್ತಾಳೆ? ತಾನ್ ಝೆ ಓದಿದಳು, ಬಾಯಿಪಾಠ ಮಾಡಿದಳು. ಎರಡನೆಯ ಸಂಪುಟ ದೊರಕಿಸಿಕೊಂಡು, ಸತ್ತವಳ ಧಾಟಿಯಲ್ಲೇ ಉಳಿದರ್ಧಕ್ಕೆ ಟಿಪ್ಪಣಿ ಬರೆದಳು. ಕೆಲವೇ ವರ್ಷಗಳಲ್ಲಿ ಅವಳೂ ಹೋದಳು. ಬಹುಕಾಲದ ನಂತರ ಮೂರನೆಯವಳಾಗಿ ಬಂದವಳು ಛಿಯೆನ್ ಯಿ. ಅವಳು ಇಬ್ಬರದನ್ನೂ ಓದಿ, ತನ್ನದನ್ನೂ ಸೇರಿಸಿ, ಮೈಮೇಲಿನ ಒಡವೆ ಮಾರಿ 1694ರಲ್ಲಿ ಅಚ್ಚು ಹಾಕಿಸಿದಳು.

ವಿಚಿತ್ರ ನೋಡಿ. ಪ್ರೇಮ, ಕೊರಗು, ಸಾವು ಇರುವ ಮೊದಲರ್ಧಕ್ಕೆ ಟಿಪ್ಪಣಿ ಬರೆದವಳು ಮದುವೆಯಾಗದೆ ಸತ್ತ ಹುಡುಗಿ. ಗಂಡ, ಮಾವ, ಶಾಸ್ತ್ರ, ಪಂಚಾಯಿತಿ ಎಲ್ಲ ಇರುವ ಉಳಿದರ್ಧ ಸಂಸಾರಸ್ಥರ ಪಾಲಾಯಿತು. ಯಾರೂ ಹಂಚಿಕೊಟ್ಟದ್ದಲ್ಲ. ಇವರು ಬರೀ ಕಣ್ಣೀರು ಹಾಕಿದವರೂ ಅಲ್ಲ. ನಾಟಕದಲ್ಲಿ ಹೆಚ್ಚಿನ ದೃಶ್ಯಗಳ ಕೊನೆಗೆ ತಾಂಗ್ ರಾಜವಂಶದ ಕಾಲದ ಹಳೆಯ ಕವಿಗಳ ಸಾಲುಗಳನ್ನು ಹೆಕ್ಕಿ ಪೋಣಿಸಿದ ಪದ್ಯ ಬರುತ್ತದೆ. ಯಾವ ಸಾಲು ಯಾವ ಕವಿಯದು ಎಂದು ಪತ್ತೆ ಮಾಡಿ ಹೆಸರು ನಮೂದಿಸಿದ್ದಾರೆ. ತಲೆ ಕೆಟ್ಟವರು ಮಾಡುವ ಕೆಲಸವೇ ಅದು?

ಪುಸ್ತಕ ಮುಗಿದ ಸಂಭ್ರಮಕ್ಕೆ, ಹೊಸ ವರ್ಷದ ದೀಪದ ಹಬ್ಬದ ರಾತ್ರಿ, ಛಿಯೆನ್ ಯಿ ಅಂಗಳದಲ್ಲಿ ಪೀಠ ಹಾಕಿ ಲಿನಿಯಾಂಗ್‌ಳ ಹೆಸರಿನ ಫಲಕ ಇಟ್ಟು, ಹೂವು ಹಣ್ಣು ದೀಪ ಜೋಡಿಸಿ ನೈವೇದ್ಯ ಮಾಡಿದಳು. ಗಂಡ ನಕ್ಕ. ನಾಟಕಕಾರ ಕಲ್ಪಿಸಿದ ಹೆಣ್ಣಿಗೆ ಪೂಜೆಯೇ ಎಂದ. ಕಲ್ಲಿನಲ್ಲಿ, ಮರದಲ್ಲಿ ದೈವ ಬಂದು ನೆಲೆಸುತ್ತದೆ ಅನ್ನುತ್ತಾರೆ, ಇವಳಿಲ್ಲವೆಂದು ನಿಮಗೆ ಹೇಗೆ ಗೊತ್ತು ಎಂಬುದು ಅವಳ ಉತ್ತರದ ಸಾರ. ಅವನು ಸುಮ್ಮನಾದ. ಆ ರಾತ್ರಿ ಇಬ್ಬರಿಗೂ ಒಂದೇ ಕನಸು ಬಿತ್ತಂತೆ, ತೋಟದಲ್ಲಿ ಲಿನಿಯಾಂಗ್. ಎದ್ದವಳು ಕಂಡ ಮುಖವನ್ನು ಚಿತ್ರವಾಗಿ ಬರೆದಿಟ್ಟಳು. ಗಂಡ ಹೆಂಡಿರಿಗೆ ಹಗಲಿನಲ್ಲೇ ಒಂದು ಅಭಿಪ್ರಾಯ ಕೂಡಿ ಬರುವುದು ಕಷ್ಟವಿರುವಾಗ ಒಂದೇ ಕನಸೆಂದರೆ ನಾಟಕಕ್ಕಿಂತ ದೊಡ್ಡ ಪವಾಡ.

ಗ್ರಂಥಕ್ಕೆ ಇಟ್ಟ ಹೆಸರು ಮಾತ್ರ ವು ರೆನ್‌ನ ಮೂವರು ಹೆಂಡಿರ ಕೂಡು ಟಿಪ್ಪಣಿ ಎಂದು. ಒಡವೆ ಅವಳದು, ಓದು ಮೂವರದು, ಹೆಸರಿನ ಮುಂಭಾಗದಲ್ಲಿ ಗಂಡ. ಅವನ ಪಾಪವೆಂದೂ ಹೇಳಲಾರೆ. ಮೂವರ ಕಥೆಯನ್ನು ಬಚ್ಚಿಡದೆ ಬರೆದಿಟ್ಟದ್ದು ಅವನೇ. ಅಷ್ಟಾದರೂ ವಿದ್ವಾಂಸರು ತಲೆಯಾಡಿಸಿದರು. ಇಂಥ ಟಿಪ್ಪಣಿ ಹೆಂಗಸರು ಬರೆದದ್ದಿರಲಾರದು, ವು ರೆನ್ ತಾನೇ ಬರೆದು ಹೆಂಡಿರ ಹೆಸರು ಹಾಕಿರಬೇಕು ಎಂಬ ಗುಮಾನಿ ಆಗಲೇ ಹುಟ್ಟಿತು. ಕನಸಿನ ಹುಡುಗನಿಗಾಗಿ ಹದಿನಾರರ ಹುಡುಗಿ ಸತ್ತದ್ದು, ಮೂರು ವರ್ಷ ಮಣ್ಣಿನಡಿ ಇದ್ದೂ ಬಾಡದೆ ಎದ್ದು ಬಂದದ್ದು, ಚಕ್ರವರ್ತಿಯೆದುರು ಸಾಕ್ಷಿ ಹೇಳಿದ್ದು, ಇದೆಲ್ಲ ಆ ಮಹನೀಯರ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಮೂವರು ಹೆಂಗಸರು ಒಂದು ಪುಸ್ತಕವನ್ನು ಸರಿಯಾಗಿ ಓದಿದರು ಎಂಬುದನ್ನು ಮಾತ್ರ ಅವರಿಂದ ನಂಬಲಾಗಲಿಲ್ಲ.