ಚಕ್ರ ಎಸೆಯುವವರಿಗೆ ಕೈಪಿಡಿ: ನ್ಯೂಜಿಲೆಂಡ್ ಆವೃತ್ತಿ

ಮೊದಲು ಸಾಮಾನು ನೋಡಿಕೊಳ್ಳಿ. ಗಂಡಸರಿಗೆ 2 ಕೆ.ಜಿ., ಹೆಂಗಸರಿಗೆ 1 ಕೆ.ಜಿ. ತೂಕದ ಡಿಸ್ಕಸ್, 2.5 ಮೀಟರ್ ಅಡ್ಡಳತೆಯ ಸಿಮೆಂಟಿನ ವೃತ್ತ. ಸುತ್ತ ಎತ್ತರದ ಬಲೆ. ಬಲೆ ಕಟ್ಟದೆ ಶುರುಮಾಡಬೇಡಿ. ಗ್ರೀಕರ ದೇವರು ಅಪೊಲೊ ಹಾಗೆ ಶುರುಮಾಡಿ ಪ್ರಾಣಸ್ನೇಹಿತ ಹಯಸಿಂಥಸ್‌ನನ್ನೇ ಕಳೆದುಕೊಂಡ. ಅವರ ಪುರಾಣವೀರ ಪರ್ಸಿಯಸ್ ಎಸೆದದ್ದು ಸ್ವಂತ ತಾತನಿಗೆ ಬಡಿಯಿತು. ದೇವರಿಗೇ ಕೈ ಹಿಡಿತ ತಪ್ಪಿದ ಆಟದಲ್ಲಿ ನಮ್ಮ ನಿಮ್ಮ ಪಾಡೇನು!

ಇನ್ನು ಭಂಗಿ. ಕಲಿಯುವವರು ಎಡವುವುದೇ ಇಲ್ಲಿ, ಏಕೆಂದರೆ ಎಲ್ಲರ ಕಣ್ಣಮುಂದೆ ಗ್ರೀಕ್ ಶಿಲ್ಪಿ ಮೈರನ್‌ ಮಾಡಿದ ಚಕ್ರ ಎಸೆಯುವವನ ವಿಗ್ರಹವಿರುತ್ತದೆ. ಕ್ರಿ.ಪೂ. 450ರ ಸುಮಾರಿಗೆ ಅವನು ಎರಕ ಹೊಯ್ದ ಕಂಚಿನ ಮೂಲ ಎಂದೋ ಕಳೆದುಹೋಗಿದೆ. ಉಳಿದಿರುವುದು ರೋಮನ್ನರು ಅಮೃತಶಿಲೆಯಲ್ಲಿ ಮಾಡಿಸಿಕೊಂಡ ನಕಲುಗಳು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವುದು 1791ರಲ್ಲಿ ತಿವೋಲಿಯಲ್ಲಿ ಸಿಕ್ಕಿದ್ದು. ದುರಸ್ತಿ ಮಾಡಿದವರು ಬೇರೆ ತಲೆಯೊಂದನ್ನು ತಂದು ತಪ್ಪು ದಿಕ್ಕಿಗೆ ಕೂರಿಸಿದ್ದರಿಂದ ಆ ಪುಣ್ಯಾತ್ಮ ನೆಲ ನೋಡುತ್ತ ನಿಂತಿದ್ದಾನೆ. ರೋಮ್ ನಗರದಲ್ಲಿರುವ ನಕಲಿನವನೋ ಹಿಂದಕ್ಕೆ ತಿರುಗಿ ಕೈಯಲ್ಲಿರುವ ಚಕ್ರವನ್ನೇ ನೋಡುತ್ತಾನೆ. ಲಂಡನ್ನಿನಲ್ಲಿ ಕಲಿತರೆ ಕುತ್ತಿಗೆ ಒಂದು ಕಡೆ ಉಳುಕುತ್ತದೆ, ರೋಮಿನಲ್ಲಿ ಕಲಿತರೆ ಇನ್ನೊಂದು ಕಡೆ.

ಚಿತ್ರ, ವರ್ಣನೆ ನೋಡಿ ಸಾಮಾನು ಮಾಡಿಸುವುದೂ ಬೇಡ. ಅಮೆರಿಕದ ರಾಬರ್ಟ್ ಗ್ಯಾರೆಟ್ ಹಳೆಯ ವರ್ಣನೆ ನಂಬಿ ಉಕ್ಕಿನ ಡಿಸ್ಕಸ್ ಮಾಡಿಸಿದ; ಅದು ಎಸೆಯಲಾಗದಷ್ಟು ಭಾರವಾಗಿ ಆಸೆಯನ್ನೇ ಬಿಟ್ಟಿದ್ದ. 1896ರಲ್ಲಿ ಒಲಿಂಪಿಕ್ಸ್‌ಗೆಂದು ಅಥೆನ್ಸ್‌ಗೆ ಹೋದಾಗ ಅಲ್ಲಿನದು ಹಗುರವಾಗಿತ್ತು. 29.15 ಮೀಟರ್ ಎಸೆದು ಗ್ರೀಕರನ್ನು ಅವರ ಅಂಗಳದಲ್ಲೇ ಸೋಲಿಸಿದ. ಆದರೂ ವಿಗ್ರಹದ ಮೋಹ ಹೋಗಲಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪುರಾತನರಂತೆಯೇ ಎಸೆಯಬೇಕೆಂದು ‘ಗ್ರೀಕ್ ಶೈಲಿ’ಯ ಪ್ರತ್ಯೇಕ ಸ್ಪರ್ಧೆಯನ್ನೇ ಇಟ್ಟರು. ಆಮೇಲೆ ಒಲಿಂಪಿಕ್ಸ್‌ನಲ್ಲಿ ಅದರ ಸುದ್ದಿಯಿಲ್ಲ.

ನ್ಯೂಜಿಲೆಂಡಿನವರ ವಿಧಾನ ಬೇರೆ: ವಿಗ್ರಹ ಬಿಡಿ, ಭಾರ ಎತ್ತಿ. 1966ರಲ್ಲಿ ಕಿಂಗ್‌ಸ್ಟನ್ನಿನ ಕಾಮನ್‌ವೆಲ್ತ್ ಕೂಟದಲ್ಲಿ ಡಿಸ್ಕಸ್ ಚಿನ್ನ ಗೆದ್ದ ಲೆಸ್ ಮಿಲ್ಸ್, ಎರಡೇ ವರ್ಷದಲ್ಲಿ ಆಕ್ಲೆಂಡಿನಲ್ಲಿ ಜಿಮ್ ತೆರೆದರು. ಇಂದು ಆ ಹೆಸರು ಲೋಕದ ಊರೂರಿನ ಜಿಮ್ಮುಗಳಲ್ಲಿ ಕುಣಿಯುತ್ತಿದೆ. ಅವರು 1990ರಿಂದ 1998ರವರೆಗೆ ಆಕ್ಲೆಂಡಿನ ಮೇಯರ್ ಕೂಡ ಆಗಿದ್ದರು. (ರಾಜಕೀಯಕ್ಕೆ ಬರುವವರಿಗೆ ಸೂಚನೆ: ದೂರ ಎಸೆಯುವ ಅಭ್ಯಾಸ ಇರಲಿ.) 1974ರಲ್ಲಿ ಕೂಟ ಕ್ರೈಸ್ಟ್‌ಚರ್ಚ್‌ಗೆ ಬಂದಾಗ ರಾಬಿನ್ ಟೇಟ್ ತವರಿನಲ್ಲೇ ಚಿನ್ನ ಗೆದ್ದರು.

ಪೂರ್ಣ ಪ್ರಾತ್ಯಕ್ಷಿಕೆ ಬೇಕಿದ್ದರೆ ಬಿಯಾಟ್ರಿಸ್ ಫೌಮುಯಿನಾ ಅವರನ್ನು ನೋಡಿ. ಆಕ್ಲೆಂಡಿನಲ್ಲಿ ಹುಟ್ಟಿದ ಸಮೋವಾ ಮೂಲದ ಹೆಣ್ಣುಮಗಳು. ಎಸೆಯುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲಿ. ಬುಗುರಿಯಂತೆ ಒಂದೂವರೆ ಸುತ್ತು ತಿರುಗಿ. ಕೈ ಕೊನೆಗೆ ಬರಲಿ, ಸೊಂಟ ಮೊದಲು ಹೋಗಲಿ. ತೋರುಬೆರಳಿನಿಂದ ಜಾರಿಸಿ ಬಿಡಿ. ಹೀಗೆ ಮಾಡಿ ಅವರು 1997ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 66.82 ಮೀಟರ್ ಎಸೆದು, ಅಥ್ಲೆಟಿಕ್ಸ್‌ನಲ್ಲಿ ನ್ಯೂಜಿಲೆಂಡಿಗೆ ಮೊದಲ ವಿಶ್ವ ಚಿನ್ನ ತಂದರು. ನಡೆದದ್ದು ಎಲ್ಲಿ? ಅಥೆನ್ಸ್‌ನಲ್ಲಿ. ಹಳೆಯ ಒಲಿಂಪಿಕ್ಸ್‌ನಲ್ಲಿ ಹೆಣ್ಣಿಗೆ ಸ್ಪರ್ಧಿಸುವ ಹಕ್ಕಿರಲಿಲ್ಲ, ಮದುವೆಯಾದವಳು ಆಟ ನೋಡುವುದೂ ನಿಷಿದ್ಧ. ಆ ಗ್ರೀಸಿನ ನೆಲದಲ್ಲೇ ಅವರ ಆಟವನ್ನು ಸಾಗರದಾಚೆಯ ಹೆಣ್ಣು ಗೆದ್ದು ಬಂದಳು. ಈ ಕೈಪಿಡಿಯಲ್ಲಿ ಇದೊಂದು ಪ್ಯಾರಾ ಓದಿದರೂ ಸಾಕು.

ಗಾಳಿಯ ವಿಚಾರ: ಬೆನ್ನಿಗೆ ಬೀಸುವುದಕ್ಕಿಂತ ಎದುರಿನಿಂದ ಹದವಾಗಿ ಬೀಸುವ ಗಾಳಿಯೇ ಲೇಸು, ಚಕ್ರವನ್ನು ಮೇಲೆ ಎತ್ತಿ ಹಿಡಿಯುತ್ತದೆ. ಗಾಳಿಗೆ ಹೆಸರಾದ ವೆಲ್ಲಿಂಗ್ಟನ್ನಿನವರು ಇನ್ನು ಗೊಣಗುವಂತಿಲ್ಲ.

‘ಇದು ನಮ್ಮವರ ಆಟವಲ್ಲ’ ಎನ್ನುವ ಕನ್ನಡಿಗರಿಗೆ: ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2014ರಲ್ಲಿ ಗ್ಲಾಸ್ಗೋದಲ್ಲಿ 63.64 ಮೀಟರ್ ಎಸೆದು ಕಾಮನ್‌ವೆಲ್ತ್ ಚಿನ್ನ ಗೆದ್ದಿದ್ದಾರೆ. ಮಿಲ್ಖಾ ಸಿಂಗ್ ನಂತರ ಭಾರತದ ಪುರುಷ ಅಥ್ಲೀಟ್ ಒಬ್ಬರಿಗೆ ಆ ಚಿನ್ನ ಸಿಗಲು 56 ವರ್ಷ ಹಿಡಿದಿತ್ತು.

ಚಕ್ರ ನೆಲಕ್ಕೆ ಬೀಳುವವರೆಗೂ ವೃತ್ತ ಬಿಟ್ಟು ಕದಲಬೇಡಿ. ಬಿದ್ದ ಮೇಲೆ ಹಿಂಭಾಗದಿಂದಲೇ ಹೊರಬನ್ನಿ. ಮುಂದಿನಿಂದ ಬಂದರೆ ಎಷ್ಟೇ ದೂರ ಎಸೆದಿದ್ದರೂ ಅದು ಫೌಲ್.