ಉಭಯ ಅಧ್ಯಕ್ಷರಿಗೆ ಏಳನೆಯವನ ಬಹಿರಂಗ ಪತ್ರ

ಹಡಪಸರ, ಪುಣೆ
ಪುಷ್ಯ ಬಹುಳ ದ್ವಾದಶಿ

ಕನ್ನಡ ಬಳಗದ ಅಧ್ಯಕ್ಷರಾದ ಶ್ರೀಯುತರಿಗೂ, ಬಳಗದಿಂದ ಹೊರಬಿದ್ದು ಇನ್ನೊಂದು ಬಳಗಕ್ಕೆ ಅಧ್ಯಕ್ಷರಾದ ಶ್ರೀಯುತರಿಗೂ, ಗಾಡಿತಳದ ಸಮೀಪದಲ್ಲಿ ಇಪ್ಪತ್ತಾರು ವರ್ಷಗಳಿಂದ ವಾಸವಾಗಿರುವ ನಿಮ್ಮ ಸಾಮಾನ್ಯ ಸದಸ್ಯನು ಮಾಡುವ ಅನಂತ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ. ಗದಗಿನಿಂದ ನಮ್ಮ ತೀರ್ಥರೂಪರು ಬರೆಯುತ್ತಿದ್ದ ಪ್ರತಿಯೊಂದು ಕಾಗದವೂ ಈ ಮಾತಿನಿಂದಲೇ ಮೊದಲಾಗುತ್ತಿದ್ದ ಕಾರಣ, ಬೇರೆ ರೀತಿಯಲ್ಲಿ ಪತ್ರವನ್ನಾರಂಭಿಸಲು ನನಗೆ ಕೈ ಬಾರದು. ಬರೆಯುವವನೂ ಓದುವವನೂ ಇಬ್ಬರೂ ಕ್ಷೇಮ. ಅದರ ತಾತ್ಪರ್ಯ ಅಷ್ಟೇ. ಆದರೆ ನಮ್ಮಲ್ಲಿ ಈಗ 'ಉಭಯ' ಎಂಬ ಶಬ್ದವನ್ನು ಉಚ್ಚರಿಸಿದೊಡನೆಯೇ ಅದು ಯಾವ ಉಭಯ, ಅವರಲ್ಲಿ ಮೊದಲನೆಯವರು ಯಾರು, ಅವರನ್ನು ಮೊದಲು ಇಡಬೇಕೆಂದು ಯಾವ ಸಭೆಯಲ್ಲಿ ಠರಾವಾಯಿತು ಎಂಬ ಪ್ರಶ್ನೆಗಳು ಏಳುವ ಕಾಲ ಬಂದಿರುವುದರಿಂದ, ಈ ಪತ್ರಕ್ಕೆ ಎರಡು ಪ್ರತಿಗಳನ್ನು ಮಾಡಿ, ಒಂದರಲ್ಲಿ ಒಬ್ಬರಿಗೂ ಇನ್ನೊಂದರಲ್ಲಿ ಇನ್ನೊಬ್ಬರಿಗೂ ಮೊದಲು ನಮಸ್ಕರಿಸಿ, ಎರಡನ್ನೂ ಒಂದೇ ಮುಹೂರ್ತದಲ್ಲಿ ಅಂಚೆಗೆ ಹಾಕಿದ್ದೇನೆ.

ಜಗಳದ ಮೂಲಕ್ಕೆ ಬರುತ್ತೇನೆ. ಏಕೆಂದರೆ ಕಳೆದ ಮೂರು ತಿಂಗಳಲ್ಲಿ ನಮ್ಮವರಲ್ಲಿ ಅನೇಕರು ಮೂಲವನ್ನು ಮರೆತು ಜಗಳವೊಂದನ್ನೇ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಪ್ರತಿವರ್ಷ ಪುಷ್ಯ ಬಹುಳ ಅಮಾವಾಸ್ಯೆಯಂದು ನಾವು ನಡೆಯಿಸುವ ಪುರಂದರದಾಸರ ಆರಾಧನೆಯ ಆಮಂತ್ರಣಪತ್ರಿಕೆಯಲ್ಲಿ ಕಾರ್ಯದರ್ಶಿಗಳು ಈ ಸಲ ದಾಸರ ಹೆಸರಿನ ಹಿಂದೆ 'ನಮ್ಮ ನೆರೆಯ ಪುರಂದರಗಡದಲ್ಲಿ ಜನಿಸಿದ' ಎಂಬ ವಿಶೇಷಣವನ್ನು ಸೇರಿಸಿದರು. ಪುರಂದರಗಡವೆಂದರೆ ಇಲ್ಲಿಂದ ದಿವೆಘಾಟವನ್ನೇರಿ ಸಾಸವಡವನ್ನು ದಾಟಿದರೆ ಸಿಗುವ ಕೋಟೆ. ಮಳೆಗಾಲದಲ್ಲಿ ನಮ್ಮ ಮಕ್ಕಳು ಮೋಟರುಸೈಕಲ್ಲುಗಳ ಮೇಲೆ ಹೋಗಿ, ಮೋಡದಲ್ಲಿ ನಿಂತು ಚಿತ್ರ ತೆಗೆಯಿಸಿಕೊಂಡು, ನೆಗಡಿಯೊಡನೆ ಹಿಂದಿರುಗುವ ಸ್ಥಳ. ದಾಸರು ಅಲ್ಲಿಯ ಸಾಹುಕಾರರ ಮನೆಯಲ್ಲಿ ಹುಟ್ಟಿದರೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ತೀರ್ಥಹಳ್ಳಿಯ ಕಡೆಯವರಾದ ನಮ್ಮ ಅಂದಿನ ಉಪಾಧ್ಯಕ್ಷರು ಆ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಒರೆಸಿ, ಮತ್ತೊಮ್ಮೆ ಓದಿ, ದಾಸರು ಮಲೆನಾಡಿನವರೆಂದೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನೇಮಿಸಿದ ತಜ್ಞರ ಸಮಿತಿಯೇ ಮಲೆನಾಡಿನ ಪರವಾಗಿ ಅಭಿಪ್ರಾಯವನ್ನು ಕೊಟ್ಟಿರುವಾಗ ಹಡಪಸರದ ಮುದ್ರಣಾಲಯವೊಂದು ಅದನ್ನು ತಳ್ಳಿಹಾಕುವುದು ಅಕ್ಷಮ್ಯವೆಂದೂ ಘೋಷಿಸಿದರು. ಅನಂತರ ನಡೆದುದನ್ನು ನಡಾವಳಿಯ ಪುಸ್ತಕದಲ್ಲಿ 'ಸವಿಸ್ತರ ಚರ್ಚೆಯಾಯಿತು' ಎಂದು ಬರೆದಿದ್ದಾರೆ. ಆ ಸವಿಸ್ತರ ಚರ್ಚೆಯಲ್ಲಿ ಎರಡು ಚಹದ ಕಪ್ಪುಗಳು ಒಡೆದವು.

ದಾಸರ ಹುಟ್ಟೂರಿನ ವಿಷಯದಲ್ಲಿ ನನಗೊಂದು ಪಕ್ಷವಿಲ್ಲ. ಹುಟ್ಟಿದ್ದೆಲ್ಲಿ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿದ್ದರೂ ಹೋದದ್ದೆಲ್ಲಿಗೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲವಾದ್ದರಿಂದ, ನನ್ನ ಗಮನವೆಲ್ಲ ಅದರ ಕಡೆಗೇ ಹರಿಯುತ್ತದೆ. ನವಕೋಟಿ ನಾರಾಯಣನೆನಿಸಿಕೊಂಡಿದ್ದ ಆ ವರ್ತಕನು, ಹೆಂಡತಿಯ ಮೂಗುತಿಯೊಂದರ ನಿಮಿತ್ತದಿಂದ ಕಣ್ಣು ತೆರೆದು, ಇದ್ದುದನ್ನೆಲ್ಲ ದಾನ ಮಾಡಿ, ತಂಬೂರಿಯನ್ನು ಹಿಡಿದು, ವಿಜಯನಗರದ ದಾರಿಯನ್ನು ಹಿಡಿದನೆಂಬ ಕಥೆಯಲ್ಲಿ ಎಲ್ಲಿಯೂ ಅವನು ಅರ್ಧ ಆಸ್ತಿಯನ್ನು ವಿಭಾಗಿಸಿ ಕೊಡಬೇಕೆಂದು ಯಾರಿಗೂ ನೋಟೀಸು ಕಳುಹಿಸಿದಂತೆ ಕಾಣುವುದಿಲ್ಲ. ಆ ದಾಸರ ಪರವಾಗಿಯೇ ನಮ್ಮನ್ನು ತೊರೆದು ಹೋದ ಮಹನೀಯರ ಪ್ರತ್ಯೇಕತಾಪತ್ರವಾದರೋ ಐವತ್ತು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಪ್ಪತ್ತೈದನ್ನೂ, ಎರಡು ಜೋಡಿ ತಾಳಗಳಲ್ಲಿ ಒಂದನ್ನೂ, ಅಡಿಗೆಯ ಕೊಪ್ಪರಿಗೆಯಲ್ಲಿ 'ನ್ಯಾಯವಾದ ಪಾಲನ್ನೂ' ಕೇಳುತ್ತದೆ. ಕೊಪ್ಪರಿಗೆಯ ನ್ಯಾಯವಾದ ಪಾಲೆಂದರೆ ಬಾಯಿಯ ಕಡೆಯದೋ ತಳದ ಕಡೆಯದೋ ಎಂಬುದನ್ನು ಹೊಸ ಅಧ್ಯಕ್ಷರು ಇನ್ನೂ ತಿಳಿಸಿಲ್ಲ.

ದಾಸರು ನೆಪಮಾತ್ರವೆಂಬುದನ್ನು ನಾವೆಲ್ಲರೂ ಬಲ್ಲೆವು. ಪುಣೆಯಿಂದ ಕನ್ನಡನಾಡಿಗೆ ಇಳಿಯುವ ರೈಲುಹಳಿಗಳು ಎರಡು: ದೌಂಡ, ಸೊಲ್ಲಾಪುರಗಳ ಮೇಲೆ ಕಲಬುರ್ಗಿಗೆ ಹೋಗುವುದೊಂದು, ಸಾತಾರೆ, ಮಿರಜಗಳ ಮೇಲೆ ಬೆಳಗಾವಿ, ಧಾರವಾಡಗಳಿಗೆ ಹೋಗುವುದೊಂದು, ಇವೆರಡೂ ಹಡಪಸರವನ್ನು ಮುಟ್ಟುವ ಮೊದಲೇ, ಒಂದರ ಮುಖವನ್ನೊಂದು ನೋಡಲೊಲ್ಲದ ದಾಯಾದಿಗಳಂತೆ, ಅಗಲಿಬಿಡುತ್ತವೆ. ನಮ್ಮ ಬಳಗದಲ್ಲಿಯೂ ಮೊದಲಿನಿಂದ ಒಂದು ಹಳಿಯವರು, ಇನ್ನೊಂದು ಹಳಿಯವರು ಎಂದು ಎರಡು ಸಾಲುಗಳಲ್ಲಿಯೇ ಕುಳಿತುಕೊಳ್ಳುವ ಪದ್ಧತಿಯಿತ್ತು. ಹಳಿಯ ಹಂಗಿಲ್ಲದೆ ಬಂದು ಹೋಟೆಲುಗಳನ್ನಿಟ್ಟ ಕರಾವಳಿಯವರು ಬಾಗಿಲ ಬಳಿ ನಿಲ್ಲುತ್ತಿದ್ದರು, ವ್ಯಾಪಾರದ ವೇಳೆಯಾದ್ದರಿಂದ. ಇತ್ತೀಚೆಗೆ ಮಗರಪಟ್ಟಾದ ಗಾಜಿನ ಸೌಧಗಳಲ್ಲಿ ಉದ್ಯೋಗಕ್ಕೆ ಬಂದಿರುವ ಮೈಸೂರು ಸೀಮೆಯ ತರುಣರು, ನಾವು ಹೋಳಿಗೆಯೆಂದು ಅಚ್ಚು ಹಾಕಿಸಿದ ಕಡೆಯಲ್ಲೆಲ್ಲ ಒಬ್ಬಟ್ಟು ಎಂದು ಪೆನ್ಸಿಲ್ಲಿನಿಂದ ತಿದ್ದತೊಡಗಿದಾಗಲೇ ನನ್ನ ಎಡಗಣ್ಣು ಹಾರಿತ್ತು.

ನಿಮ್ಮಲ್ಲಿ ಅಭಿಮಾನಕ್ಕೆ ಕೊರತೆಯಿದೆಯೆಂದು ಯಾರೂ ಹೇಳಲಾರರು. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಕನ್ನಡದ ಬೇರನ್ನು ಹುಡುಕಿದುದನ್ನು ಓದಿ ಆವೇಶಗೊಂಡ ನಮ್ಮ ಖಜಾಂಚಿಗಳು, ಹಡಪಸರವೆಂಬುದು ಬಸವಣ್ಣನವರ ಕಾಲದ ಅಪ್ಪಣ್ಣನವರು ಹಿಡಿದಿದ್ದ ವೀಳೆಯದ ಹಡಪದಿಂದಲೇ ಬಂದ ಹೆಸರೆಂದು, ಎಲೆಯಡಿಕೆ ಹಾಕಿಕೊಂಡಿದ್ದುದನ್ನು ಬಿಟ್ಟರೆ ಬೇರಾವ ಆಧಾರವೂ ಇಲ್ಲದೆ, ಒಂದು ಗಂಟೆಯ ಕಾಲ ಉಪನ್ಯಾಸ ಮಾಡಿದರು. ಅವರ ಇನ್ನೊಂದು ವಾದಕ್ಕೆ ಮಾತ್ರ ತಾಮ್ರದ ಬಲವಿದೆ: ರಾಷ್ಟ್ರಕೂಟರ ಒಂದನೆಯ ಕೃಷ್ಣನ 758 ಮತ್ತು 768ನೆಯ ಇಸವಿಗಳ ತಾಮ್ರಪಟಗಳಲ್ಲಿ ಈ ಪ್ರಾಂತವು ಪುಣ್ಯವಿಷಯ, ಪುಣಕವಿಷಯ ಎಂಬ ಹೆಸರುಗಳಿಂದ ಬಂದಿರುವುದರಿಂದ, ಪುಣೆಯಲ್ಲಿರುವ ಕನ್ನಡಿಗನು ಊರು ಬಿಟ್ಟು ಬಂದವನೇ ಅಲ್ಲ, ಸ್ವಲ್ಪ ತಡವಾಗಿ ಮನೆಗೆ ಮರಳಿದವನು! ಇಷ್ಟು ವಿಶಾಲವಾದ ಸಾಮ್ರಾಜ್ಯವನ್ನು ಒಂದು ಸಂಜೆಯಲ್ಲಿ ಮರಳಿ ಗೆದ್ದುಕೊಟ್ಟ ಮಹಾಶಯರು ಮರುದಿನವೇ ಕುರ್ಚಿಗಳ ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡುದು ಏಕೆಂಬುದು ನನಗೆ ತಿಳಿಯಲಿಲ್ಲ.

ಒಡೆದು ಹೋಗುವುದು ಈ ನೆಲಕ್ಕೆ ಹೊಸದಲ್ಲ. 1802ನೆಯ ಇಸವಿಯ ಅಕ್ಟೋಬರ್ 25ರಂದು, ದೀಪಾವಳಿಯ ಹಬ್ಬದಲ್ಲಿ, ನಾವು ಇಂದು ತರಕಾರಿಯ ಚೌಕಾಶಿ ಮಾಡುವ ಇದೇ ಹಡಪಸರದ ಬಯಲಿನಲ್ಲಿ ಯಶವಂತರಾವ್ ಹೋಳ್ಕರನು ಪೇಶ್ವೆ ಎರಡನೆಯ ಬಾಜೀರಾಯನ ಮತ್ತು ಶಿಂದೆಯ ಕೂಡುದಂಡನ್ನು ಮುರಿದನು. ಮೂವರೂ ಒಂದೇ ಒಕ್ಕೂಟದ ಸದಸ್ಯರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಧ್ಯಕ್ಷರೂ ಇಬ್ಬರು ಕಾರ್ಯಕಾರಿ ಸದಸ್ಯರೂ. ಸೋತ ಅಧ್ಯಕ್ಷನು ಕುಳಿತು ಮಾತನಾಡುವ ಬದಲು ಸಿಂಹಗಡಕ್ಕೆ ಓಡಿ, ಅಲ್ಲಿಂದ ಕೊಂಕಣಕ್ಕಿಳಿದು, ಕಡಲ ದಾರಿಯಿಂದ ವಸಯಿಯನ್ನು ಸೇರಿ, ಅದೇ ವರ್ಷದ ಡಿಸೆಂಬರ್ 31ರಂದು ಇಂಗ್ಲಿಷರು ಮುಂದಿಟ್ಟ ಕಾಗದಕ್ಕೆ ಸಹಿ ಮಾಡಿದನು: ಅವರ ಆರು ಸಾವಿರ ಸಿಪಾಯಿಗಳನ್ನು ಸದಾಕಾಲ ಇಟ್ಟುಕೊಳ್ಳತಕ್ಕದ್ದು, ಅದರ ವೆಚ್ಚಕ್ಕೆ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವ ನೆಲವನ್ನು ಬಿಟ್ಟುಕೊಡತಕ್ಕದ್ದು. ಮರುವರ್ಷ ಮೇ ತಿಂಗಳಲ್ಲಿ ಅವರ ಬಂದೂಕುಗಳ ನೆರಳಿನಲ್ಲಿ ಪುಣೆಗೆ ಹಿಂದಿರುಗಿ ಗಾದಿಯ ಮೇಲೆ ಕುಳಿತದ್ದೂ ಉಂಟು. 1818ರಲ್ಲಿ ಅವರೇ ಅವನನ್ನು ಗಾದಿಯಿಂದಿಳಿಸಿ, ವರ್ಷಾಶನವನ್ನು ಕಟ್ಟಿಕೊಟ್ಟು, ಗಂಗಾತೀರದ ಬಿಠೂರಿಗೆ ಸಾಗಿಸಿದ್ದೂ ಉಂಟು.

ಈ ಇತಿಹಾಸವನ್ನು ನಾನು ಹೊಸ ಅಧ್ಯಕ್ಷರ ಮುಂದೆ ಹೇಳಿದಾಗ ಅವರು, ತಮಗೂ ಅದಕ್ಕೂ ಏನು ಸಂಬಂಧವೆಂದು ಕೇಳಿದರು. ಸಂಬಂಧವನ್ನು ಅವರ ಹೊಸ ಫಲಕದ ಮೇಲೆಯೇ ನೋಡಬಹುದು. ತಮ್ಮ ಆರಾಧನೆಗೆ ಸಭಾಗೃಹವನ್ನು ಧರ್ಮಾರ್ಥವಾಗಿ ಕೊಡಿಸಿದ ಸ್ಥಳೀಯ ಮುಖಂಡರೊಬ್ಬರ ಭಾವಚಿತ್ರವು ಅದರಲ್ಲಿ ಆಳೆತ್ತರಕ್ಕೆ ನಿಂತು ಕೈಮುಗಿಯುತ್ತಿದೆ. ಅದರ ಕೆಳಗಿನ ಮೂಲೆಯಲ್ಲಿ, ಅಂಚೆಯ ಚೀಟಿಯಷ್ಟು ಜಾಗದಲ್ಲಿ, ಪುರಂದರದಾಸರು ತಂಬೂರಿಯನ್ನು ಮಡಚಿಕೊಂಡಂತೆ ಇಕ್ಕಟ್ಟಿನಲ್ಲಿ ಕುಳಿತಿದ್ದಾರೆ. ಹಳೆಯ ಅಧ್ಯಕ್ಷರೇನೂ ಹಿಗ್ಗಬೇಕಾಗಿಲ್ಲ. ಅವರು ಇನ್ನೂ ಎತ್ತರದ ಮುಖಂಡರೊಬ್ಬರನ್ನು ಹುಡುಕುತ್ತಿದ್ದಾರೆಂದು ಕೇಳಿದ್ದೇನೆ.

ಬಿಟ್ಟುಹೋದವರು ತಮ್ಮ ಸಮರ್ಥನೆಗೆ ಪಾಲಖಿಗಳ ದೃಷ್ಟಾಂತವನ್ನು ಕೊಡುವುದುಂಟು. ಪಂಢರಪುರದ ಆಷಾಢಯಾತ್ರೆಗೆ ಪುಣೆಯಿಂದ ಹೊರಡುವ ಜ್ಞಾನೇಶ್ವರ, ತುಕಾರಾಮರ ಪಾಲಖಿಗಳು ಹಡಪಸರಕ್ಕೆ ಬಂದು ಇಲ್ಲಿಯೇ ಅಗಲುತ್ತವೆ. ಒಂದು ದಿವೆಘಾಟದ ಕಡೆಗೆ ಹೊರಳುತ್ತದೆ, ಇನ್ನೊಂದು ಸೊಲ್ಲಾಪುರದ ರಸ್ತೆಯನ್ನೇ ಹಿಡಿದು ಲೋಣಿಯ ಕಡೆಗೆ ಸಾಗುತ್ತದೆ. ಸಂತರೇ ಬೇರೆಯಾಗಿರುವಾಗ ನಮ್ಮದೇನು ಎಂಬುದು ಅವರ ಪ್ರಶ್ನೆ. ಆ ಸಂತರು ವಾಖರಿಯಲ್ಲಿ ಮತ್ತೆ ಕೂಡುತ್ತಾರೆ. ಇಬ್ಬರಿಗೂ ಹೋಗಬೇಕಾದ ಊರು ಯಾವುದೆಂಬುದು ಗೊತ್ತಿದೆ. ನಮ್ಮ ಎರಡು ಬಳಗಗಳ ವಿಳಾಸವಾದರೋ ಒಂದೇ ರಸ್ತೆಯ ಎದುರುಬದುರಿನ ಎರಡು ಮಹಡಿಗಳು.

ಇನ್ನು ನನ್ನ ವಿಷಯ. ಕಳೆದ ಪಕ್ಷದಲ್ಲಿ ಉಭಯರೂ ಒಬ್ಬರಾದ ಮೇಲೊಬ್ಬರು ನಮ್ಮ ಮನೆಗೆ ದಯಮಾಡಿಸಿ, ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಕಾಣದಿದ್ದ ಗುಣಗಳನ್ನು ನನ್ನಲ್ಲಿ ಕಂಡಾಗ ನನಗೆ ಆಶ್ಚರ್ಯವಾಯಿತು. ಆಮೇಲೆ ಲೆಕ್ಕವು ಹೊಳೆಯಿತು. 1860ರ ಸಂಘಗಳ ನೋಂದಣಿಯ ಕಾಯಿದೆಯಂತೆ ಹೊಸ ಸಂಘವೊಂದು ಹುಟ್ಟಬೇಕಾದರೆ ಕನಿಷ್ಠ ಏಳು ಜನರ ರುಜು ಬೇಕು. ಹೊರಗೆ ಹೋದವರ ಪಟ್ಟಿಯಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಗೌರವ ಕಾರ್ಯದರ್ಶಿ, ಸಹಕಾರ್ಯದರ್ಶಿ, ಖಜಾಂಚಿ, ಸಂಘಟಕರು ಎಂದು ಆರು ಮಂದಿಯಿದ್ದಾರೆ, ಸದಸ್ಯನೆಂಬವನು ಒಬ್ಬನೂ ಇಲ್ಲ. ಒಳಗೆ ಉಳಿದವರಿಗಾದರೋ ನಮ್ಮ ನಿಯಮಾವಳಿಯ ಪ್ರಕಾರ ಕೋರಂ ಏಳು. ಉಳಿದ ಪದಾಧಿಕಾರಿಗಳು ಆರು. ಆಂಗ್ಲರ ಆ ಕಾಯಿದೆಯನ್ನು ಬರೆದವನು ಯಾರಿದ್ದರೂ ದೊಡ್ಡ ಮನೋವಿಜ್ಞಾನಿಯೇ ಸರಿ. ಆರು ಜನ ಕನ್ನಡಿಗರಿಗೆ ಆರು ಪದವಿಗಳು ಸಿಕ್ಕಿಬಿಡುತ್ತವೆ, ಚಪ್ಪಾಳೆ ತಟ್ಟಲು ಏಳನೆಯವನೊಬ್ಬನು ಬೇಕೆಂಬುದನ್ನು ಅವನು ನೂರೈವತ್ತು ವರ್ಷಗಳಿಗೂ ಮುಂಚೆಯೇ ಕಂಡುಕೊಂಡಿದ್ದನು.

ಏಳನೆಯವನಾಗಲು ಒಲ್ಲದೆ ನಾನೇ ಬೇರೆಡೆಗೆ ಹೋಗಿಬಿಡುವ ವಿಚಾರವನ್ನೂ ಮಾಡಿದೆನು. ಕೋಥರೂಡದ ಕಡೆಗೆ ಹೋಗೋಣವೆಂದರೆ ಅಲ್ಲಿಯ ಬಾಡಿಗೆಯೇ ನಿವೃತ್ತನ ಅಭಿಮಾನವನ್ನು ಕರಗಿಸುವಂತಿದೆ. ಗದಗಿನ ಹಿರಿಯರ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳು ಗೋಡೆಯೊಂದರ ವಿಷಯವಾಗಿ ನ್ಯಾಯಾಲಯಕ್ಕೆ ಹೋಗಿರುವುದರಿಂದ, ಜಗಳಕ್ಕೆ ಹೆದರಿದವನು ಅಲ್ಲಿಗೆ ಹೋಗುವುದು ಮಳೆಗೆ ಹೆದರಿದವನು ಆಗುಂಬೆಗೆ ಹೋದಂತೆ. ಬೆಂಗಳೂರಿನಲ್ಲಿ ನಮ್ಮ ಹಿರಿಯ ಮಗನಿದ್ದಾನೆ. ಅವನ ವಸತಿಸಮುಚ್ಚಯದಲ್ಲಿಯೂ ಒಂದು ಕನ್ನಡ ಬಳಗವಿದ್ದು, ಅಲ್ಲಿ ಒಮ್ಮೆಯೂ ಜಗಳವಾಗಿಲ್ಲವೆಂದು ಅವನು ಹೆಮ್ಮೆಯಿಂದ ಹೇಳಿದನು. ಕಾರಣವನ್ನು ಕೇಳಿದೆನು. ಸಭೆಯನ್ನು ಇಂಗ್ಲಿಷಿನಲ್ಲಿ ನಡೆಯಿಸುತ್ತಾರಂತೆ. ಪರಭಾಷೆಯಲ್ಲಿ ಮನಸ್ಸು ಬಿಚ್ಚಿ ಬೈಯಲು ಯಾರಿಗೂ ನಾಲಗೆ ಹೊರಳದು. ಹೀಗಾಗಿ ಅಲ್ಲಿ ನೆಲಸಿರುವುದು ಸೌಹಾರ್ದವೋ ಶಬ್ದದಾರಿದ್ರ್ಯವೋ ಎಂಬುದನ್ನು ನಿರ್ಣಯಿಸುವುದು ಕಷ್ಟ. ನೀವು ಉಭಯರೂ ಒಬ್ಬರನ್ನೊಬ್ಬರು ಬೈಯುವಾಗ ಹೊರಡುವ ಕನ್ನಡದ ಸೊಗಸು, ಒಬ್ಬರದು ತೀರ್ಥಹಳ್ಳಿಯದು, ಇನ್ನೊಬ್ಬರದು ಜೇವರ್ಗಿಯದು, ನಮ್ಮ ಯಾವ ಭಾಷಣಸ್ಪರ್ಧೆಯಲ್ಲಿಯೂ ನನ್ನ ಕಿವಿಗೆ ಬಿದ್ದಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ಇರಲಾರೆನು.

ಈ ಆಲೋಚನೆಗಳನ್ನೆಲ್ಲ ಸೊಲ್ಲಾಪುರದವಳಾದ ನಮ್ಮ ಮನೆಯಾಕೆಯ ಮುಂದೆ ಇಟ್ಟಾಗ, ಅವಳು ಮೆಂತ್ಯದ ಸೊಪ್ಪನ್ನು ಸೋಸುತ್ತಿದ್ದವಳು ತಲೆಯನ್ನೂ ಎತ್ತದೆ, "ಅಲ್ರೀ, ಹೊಸಾ ಊರಿಗೆ ಹೋದ್ರ ಅಲ್ಲಿ ಯಾರ ಜೋಡಿ ಜಗಳಾ ಆಡ್ತೀರಿ? ಇವರನ್ನ ತಯಾರ ಮಾಡ್ಲಿಕ್ಕ ಇಪ್ಪತ್ತಾರು ವರ್ಷ ಹಿಡದದ" ಎಂದಳು. ಆಮೇಲೆ ನಾನು ಬಾಡಿಗೆಯ ಮನೆಗಳ ಜಾಹೀರಾತುಗಳನ್ನು ಓದುವುದನ್ನು ಬಿಟ್ಟೆನು.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ನಾನು ಯಾರ ಕಾಗದಕ್ಕೂ ರುಜು ಮಾಡುವುದಿಲ್ಲ. ಬಳಗದ ಹಾರ್ಮೋನಿಯಮ್ಮು ಮೊದಲಿನಿಂದಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಅದನ್ನು ಉಭಯ ಆರಾಧನೆಗಳಿಗೂ ಏಕಕಾಲದಲ್ಲಿ ಕಳುಹಿಸುವ ಉಪಾಯವು ನನಗೆ ತೋರದಿರುವುದರಿಂದ, ಅಮಾವಾಸ್ಯೆಯ ಸಂಜೆ ಆರು ಗಂಟೆಗೆ ಅದನ್ನು ಕೆಳಗಿಳಿಸಿ, ನನಗೆ ಬರುವ ನಾಲ್ಕೈದು ದೇವರನಾಮಗಳನ್ನು ನಮ್ಮ ಪಡಸಾಲೆಯಲ್ಲಿಯೇ ನುಡಿಸಬೇಕೆಂದಿದ್ದೇನೆ. ಬಾಗಿಲು ತೆರೆದಿರುತ್ತದೆ. ಚಾಪೆಗಳಿವೆ, ಕುರ್ಚಿಗಳನ್ನು ತರಕೂಡದು. ಫಲಕವನ್ನು ಕಟ್ಟಲು ಮೊಳೆಯಿಲ್ಲ. ಹೋಳಿಗೆಯನ್ನು ಮಾಡುತ್ತಾರೆ, ಒಬ್ಬಟ್ಟೆಂದು ಕರೆದವರಿಗೂ ಬಡಿಸುತ್ತಾರೆ, ಆದರೆ ತುಪ್ಪದ ವಿಷಯದಲ್ಲಿ ನಾನು ಭರವಸೆ ಕೊಡಲಾರೆನು.

ಇತಿ ನಿಮ್ಮ ವಿಧೇಯ,
ಸಾಮಾನ್ಯ ಸದಸ್ಯ

ತಾ.ಕ.: ಹಾರ್ಮೋನಿಯಮ್ಮಿನ ತಿದಿಯು ಹರಿದು, ಒಂದು ಮನೆ ಒತ್ತಿದರೆ ಮೇಲೇಳದಿದ್ದುದನ್ನು ದಸರೆಯ ಮುಂಚೆ ರಿಪೇರಿ ಮಾಡಿಸಿದ್ದೆನು, ಅದರ ಬಾಬ್ತು ಏಳುನೂರು ರೂಪಾಯಿಗಳ ಬಿಲ್ಲು 'ಕನ್ನಡ ಬಳಗ, ಹಡಪಸರ' ಎಂಬ ಹೆಸರಿಗೆ ಬಂದಿದೆ. ಉಭಯ ಬಳಗಗಳ ಖಜಾಂಚಿಗಳಿಗೂ ಅದನ್ನು ತೋರಿಸಿದೆನು. ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಇಬ್ಬರೂ ಒಂದೇ ಮಾತಿನಲ್ಲಿ, ಚರ್ಚೆಯಿಲ್ಲದೆ, ತಿಳಿಸಿದರು. ಮೂರು ತಿಂಗಳಲ್ಲಿ ಸರ್ವಾನುಮತದಿಂದ ಅಂಗೀಕೃತವಾದ ಮೊದಲನೆಯ ಠರಾವು ಇದಾದ್ದರಿಂದ, ಇದನ್ನು ಎರಡೂ ನಡಾವಳಿ ಪುಸ್ತಕಗಳಲ್ಲಿ ದಾಖಲು ಮಾಡಿಕೊಳ್ಳಬೇಕಾಗಿ ವಿನಂತಿ.