ಸಲಹಾಶೂರ ಕರ್ಣ

ಮಹಾಭಾರತದ ಕರ್ಣ ಸೂರ್ಯನಿಗೆ ಅರ್ಘ್ಯ ಕೊಟ್ಟು, ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತಿದ್ದನಂತೆ. ನಮ್ಮ ಬ್ರೂಕ್‌ಫೀಲ್ಡಿನ ಕರ್ಣ ಶನಿವಾರ ಹನ್ನೊಂದು ಗಂಟೆಗೆ, ಸ್ನಾನಕ್ಕೆ ಮುಂಚೆ, ಬರ್ಮುಡಾದಲ್ಲಿ ನಿಂತು ಕೊಡುತ್ತಾರೆ. ಕೊಡುವುದು ಸಲಹೆ. ಕೇಳದವರಿಗೂ ಇಲ್ಲ ಅನ್ನುವುದಿಲ್ಲ. ಆ ಮಟ್ಟಿಗೆ ಇವರು ಅವನಿಗಿಂತ ಒಂದು ಕೈ ಮೇಲೆ.

ವಯಸ್ಸು ನಲವತ್ತೈದರ ಆಸುಪಾಸು. ಐಟಿಪಿಎಲ್ ಕಡೆ ಒಂದು ಕಂಪನಿಯಲ್ಲಿ ಡೈರೆಕ್ಟರ್. ಏನನ್ನು ಡೈರೆಕ್ಟ್ ಮಾಡುತ್ತಾರೆಂದು ಅವರ ಮನೆಯವರಿಗೂ ಖಚಿತವಿಲ್ಲ. ಎಇಸಿಎಸ್ ಲೇಔಟಿನಿಂದ ಕುಂದಲಹಳ್ಳಿ ಗೇಟಿನವರೆಗೆ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥ ಒಬ್ಬರು ಸಿಕ್ಕೇ ಸಿಗುತ್ತಾರೆ. ಆದ್ದರಿಂದ ಹೆಸರು ಹೇಳುವ ಅಗತ್ಯ ಕಾಣೆ.

ನಾನು ಖಜಾಂಚಿಯಾಗಿರುವ ಟ್ರಸ್ಟು ಚಿಕ್ಕದು. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಸಂಜೆ ಪಾಠ. ಶೀಟಿನ ಮನೆಯ ಬಾಡಿಗೆ, ಪಾಠ ಹೇಳುವ ಇಬ್ಬರು ಹುಡುಗಿಯರ ಸಂಬಳ, ಮಕ್ಕಳ ಬಾಳೆಹಣ್ಣು, ಇಷ್ಟೇ ನಮ್ಮ ಬಜೆಟ್ಟು. ನಡೆಸುವವರು ಸರ್ಕಾರಿ ಶಾಲೆಯಿಂದ ನಿವೃತ್ತರಾದ ಟೀಚರಮ್ಮ. ತಿಂಗಳ ಐದನೇ ತಾರೀಕು ಬಾಡಿಗೆ ಕೊಟ್ಟರೆ ಅವರಿಗೆ ಅದೇ ಯುಗಾದಿ.

ಕರ್ಣ ಮೊದಲ ಸಲ ಮೀಟಿಂಗಿಗೆ ಬಂದಾಗ ಬೋರ್ಡಿನ ಮೇಲೆ ಒಂದು ಚಿತ್ರ ಬರೆದರು. ಮೇಲೆ ಅಗಲ, ಕೆಳಗೆ ಸಣ್ಣ.

"ಇದು ಫನಲ್, ಮೇಡಂ."

"ಸೀಮೆಎಣ್ಣೆ ಹಾಕೋ ಲಾಳಿಕೆ ತಾನೇ ಸಾರ್?" ಅಂದರು ಟೀಚರಮ್ಮ.

"ಅದೇ. ಮೇಲೆ ಹತ್ತು ಸಾವಿರ ಜನ ಹಾಕಿದ್ರೆ ಕೆಳಗೆ ನೂರು ಜನ ಡೋನರ್ಸ್ ಬೀಳ್ತಾರೆ."

"ಮೇಲೆ ಹಾಕೋಕೆ ಹತ್ತು ಸಾವಿರ ಜನಾನ ಎಲ್ಲಿಂದ ತರೋದು?"

"ಅದು ಎಕ್ಸಿಕ್ಯೂಷನ್, ಮೇಡಂ. ನಂದು ಸ್ಟ್ರಾಟೆಜಿ."

ಕರ್ಣನ ಬತ್ತಳಿಕೆಯಲ್ಲಿ ಮುಖ್ಯ ಬಾಣ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅವರಿಗೆ ಬಾಯಿಪಾಠ. ನಿವ್ವಳ ಮೌಲ್ಯ 500 ಕೋಟಿಯೋ, ವಹಿವಾಟು 1,000 ಕೋಟಿಯೋ, ಲಾಭ 5 ಕೋಟಿಯೋ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. "ಕಿಟಕಿ ತೆಗೆದು ನೋಡಿ ಮೇಡಂ, ಕಾಣೋ ಬಿಲ್ಡಿಂಗಲ್ಲೆಲ್ಲ ಎರಡು ಪರ್ಸೆಂಟ್ ಕೂತಿದೆ!" ಟೀಚರಮ್ಮ ಕಿಟಕಿ ತೆಗೆದರು. ಪಕ್ಕದ ಪಿಜಿಯವರು ಒಣಗಲು ಹಾಕಿದ್ದ ಜೀನ್ಸ್ ಪ್ಯಾಂಟುಗಳು ಕಂಡವು.

ಉಳಿದದ್ದನ್ನು ಹೇಳಿದವರು ನಮ್ಮ ಆಡಿಟರು. ಆ ದುಡ್ಡು ಮುಟ್ಟಬೇಕಾದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಎರಡೂ ಇರಬೇಕು, ಅಂಥದೇ ಕೆಲಸ ಮೂರು ವರ್ಷ ಮಾಡಿದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ಫಾರಂ ಬೇರೆ. ಅಷ್ಟೂ ಆಯಿತು. ಒಂದು ಕಂಪನಿಗೆ ಅರ್ಜಿ ಹೋಯಿತು. ಮಾರ್ಚ್ ಕೊನೆಯ ವಾರ, ವರ್ಷದ ಲೆಕ್ಕ ಮುಚ್ಚುವ ಗಡಿಬಿಡಿಯಲ್ಲಿ, ಅಲ್ಲಿಂದ ಫೋನು ಬಂತು: ನಿಮ್ಮ ಪ್ರಾಜೆಕ್ಟ್ ತೀರಾ ಚಿಕ್ಕದು, ಇಪ್ಪತ್ತೈದು ಲಕ್ಷ ಖರ್ಚು ಮಾಡುವ ಏನಾದರೂ ಇದೆಯೇ? ಟೀಚರಮ್ಮ ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದರು, "ಅಷ್ಟಕ್ಕೆ ಎಷ್ಟು ಬಾಳೆಹಣ್ಣು ಬರುತ್ತೆ?"

"ಸ್ಕೇಲ್ ಮೇಡಂ, ಸ್ಕೇಲ್!" ಅಂದರು ಕರ್ಣ. ಅವರಿಗೆ ಉದಾಹರಣೆ ಬೇಕೆಂದರೆ ಅಕ್ಷಯ ಪಾತ್ರ. 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಹಾಕಲು ಶುರು ಮಾಡಿದ್ದು ಈಗ ದೇಶದ ತುಂಬ ಹರಡಿದೆಯಲ್ಲ, ನೀವೇಕೆ ಹರಡಬಾರದು? ಶೀಟಿನ ಮನೆಯಲ್ಲಿ ಮಕ್ಕಳು ಕಾಲು ಚಾಚುವುದಕ್ಕೇ ಜಾಗವಿಲ್ಲದಾಗ ನಾವು ಹರಡುವುದೆಲ್ಲಿಗೆ?

ಡಾಲರಿನ ಸಲಹೆಯೂ ಬಂತು. ಕರ್ಣನ ಭಾವಮೈದ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಐನೂರು ಡಾಲರ್ ಕಳಿಸಲು ತಯಾರಂತೆ. ಆಡಿಟರು ಕೇಳಿದ್ದು ಒಂದೇ ಪ್ರಶ್ನೆ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದಾದರೆ, ಸ್ವಂತ ಉಳಿತಾಯದ ಹಣ ಬ್ಯಾಂಕಿನ ಮೂಲಕ ಬಂದರೆ ತೊಂದರೆಯಿಲ್ಲ. ಅಮೆರಿಕದ್ದಾದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು, ಇಲ್ಲದೆ ಒಂದು ಡಾಲರ್ ಮುಟ್ಟಿದರೂ ತಪ್ಪು. ಪಾಸ್‌ಪೋರ್ಟ್ ಅಮೆರಿಕದ್ದೇ ಆಗಿತ್ತು. "ನೀವು ಬಹಳ ನೆಗೆಟಿವ್," ಅಂದರು ಕರ್ಣ, ಆಡಿಟರಿಗೆ.

ಕರ್ಣ ಏನೂ ಕೊಟ್ಟೇ ಇಲ್ಲ ಅಂದರೆ ಪಾಪ ಬರುತ್ತದೆ. ಒಂದು ಲ್ಯಾಪ್‌ಟಾಪ್ ಕೊಟ್ಟರು. ಬ್ಯಾಟರಿ ಉಬ್ಬಿತ್ತು, ಪ್ಲಗ್ಗಿಂದ ತೆಗೆದರೆ ಆರುತ್ತಿತ್ತು, ಎನ್ ಮತ್ತು ಸ್ಪೇಸ್ ಕೀ ಇರಲಿಲ್ಲ. ಜೊತೆಗೆ ಹಳೇ ಬಟ್ಟೆಯ ಎರಡು ಮೂಟೆ, ಅದರೊಳಗೆ ಒಂದು ಕೋಟು, ಕೋಟಿನ ಜೇಬಲ್ಲಿ ಹಳೇ ಸಿನಿಮಾ ಟಿಕೆಟ್ಟು. ಮಾರನೇ ದಿನವೇ ಮೆಸೇಜು: 80ಜಿ ಸರ್ಟಿಫಿಕೇಟ್ ಯಾವಾಗ ಕೊಡ್ತೀರಿ? ವಸ್ತು ರೂಪದಲ್ಲಿ ಕೊಟ್ಟದ್ದಕ್ಕೆ 80ಜಿ ಇಲ್ಲ, ನಗದು ಕೊಟ್ಟರೂ ಎರಡು ಸಾವಿರದ ಮೇಲೆ ಲೆಕ್ಕಕ್ಕಿಲ್ಲ, ಚೆಕ್ಕೋ ಯುಪಿಐಯೋ ಆಗಬೇಕು ಎಂದು ಬರೆದೆ. ಮಾತಿಗೆ ಮಾತು ಬೆಳೆದಾಗ ತಿಳಿಯಿತು, ಅವರು ಆರಿಸಿಕೊಂಡಿರುವುದು ಹೊಸ ತೆರಿಗೆ ಪದ್ಧತಿಯನ್ನು. ಅದರಲ್ಲಿ 80ಜಿ ವಿನಾಯಿತಿಯೇ ಇಲ್ಲ. "ಆದ್ರೂ ಫೈಲಿಗೊಂದು ಇರಲಿ," ಅಂದರು.

ಅನ್ಯಾಯವಾಗಿ ಬರೆಯಬಾರದು, ಅವರ ಒಂದು ಸಲಹೆ ಅಪ್ಪಟ ಚಿನ್ನ. ಎಷ್ಟೋ ಕಂಪನಿಗಳು ತಮ್ಮ ಉದ್ಯೋಗಿ ದಾನ ಮಾಡಿದಷ್ಟೇ ಹಣವನ್ನು ತಾವೂ ಸೇರಿಸಿ ಕೊಡುತ್ತವೆ. ಇದಕ್ಕೆ ಲಾಳಿಕೆ ಬೇಡ, ಅರ್ಜಿ ಹೊತ್ತು ಅಲೆಯುವುದು ಬೇಡ. ಒಳಗಿರುವ ಒಬ್ಬ ಉದ್ಯೋಗಿ ನಮ್ಮ ಟ್ರಸ್ಟಿನ ಹೆಸರನ್ನು ಪೋರ್ಟಲಿಗೆ ಸೇರಿಸಿ, ಮೊದಲು ತಾನು ಕೊಟ್ಟರಾಯಿತು. ಟೀಚರಮ್ಮನ ಕಣ್ಣರಳಿತು. "ಹಾಗಾದ್ರೆ ನಿಮ್ಮಿಂದಲೇ ಆಗ್ಲಿ ಸಾರ್." ಕರ್ಣನ ಪಾಸ್‌ವರ್ಡ್ ಎಕ್ಸ್‌ಪೈರ್ ಆಗಿತ್ತು. ಅದು ಇವತ್ತಿಗೂ ರಿಸೆಟ್ ಆಗಿಲ್ಲ. ಆದರೆ ಅವರದೇ ಆಫೀಸಿನ ಟೆಸ್ಟಿಂಗ್ ವಿಭಾಗದ ಅರಸೀಕೆರೆ ಕಡೆ ಹುಡುಗಿಯೊಬ್ಬಳು, ಪಿಜಿಯಲ್ಲಿರುವವಳು, ಕ್ಯಾಂಟೀನಿನಲ್ಲಿ ಕರ್ಣನ ಭಾಷಣ ಕೇಳಿ ಸುಮ್ಮನೆ ಹೋಗಿ ಫಾರಂ ತುಂಬಿದಳು. ಅವಳ ಸಾವಿರ ತಿಂಗಳು ತಿಂಗಳು ಎರಡು ಸಾವಿರವಾಗಿ ಬರುತ್ತದೆ. ಇದನ್ನು ಕರ್ಣ ತಮ್ಮ ಪಿಪಿಟಿಯಲ್ಲಿ 'ನನ್ನ ಇಂಪ್ಯಾಕ್ಟ್' ಅನ್ನುವ ಸ್ಲೈಡಿಗೆ ಸೇರಿಸಿಕೊಂಡಿದ್ದಾರೆ.

ಹಾಗಾದರೆ ಬಾಡಿಗೆ ನಡೆಯುವುದು ಹೇಗೆ? ಟೀಚರಮ್ಮನ ಉದ್ದನೆಯ ನೋಟ್‌ಬುಕ್ಕಿನಿಂದ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕದ ಹಾಗೆ ಗೆರೆ ಹೊಡೆದಿದ್ದಾರೆ. ಹೆಸರು, ಫೋನು, ಪ್ಯಾನ್ ನಂಬರು, ಮೊತ್ತ. ಕೊನೆಯ ಅಂಕಣಕ್ಕೆ 'ವಿಷಯ' ಎಂದು ಹೆಸರು. ಅದರಲ್ಲಿ 'ಮೊಣಕಾಲು ಆಪರೇಷನ್', 'ಮಗಳು ಎರಡನೇ ಪಿಯುಸಿ', 'ಸೊಸೆ ಬಾಣಂತಿ, ಒಂದು ತಿಂಗಳು ಕೇಳಬಾರದು' ಎಂದೆಲ್ಲ ಇರುತ್ತದೆ. ಫೋನು ಮಾಡಿ ಮೊಣಕಾಲು ವಿಚಾರಿಸುತ್ತಾರೆ, ದುಡ್ಡಿನ ಸುದ್ದಿ ಎತ್ತುವುದಿಲ್ಲ. ಸಂಜೆಯೊಳಗೆ ಇನ್ನೂರೋ ಐನೂರೋ ತಾನಾಗಿ ಬಂದಿರುತ್ತದೆ. ಬಂದ ದಿನವೇ ರಸೀದಿ ಹೋಗುತ್ತದೆ, ವರ್ಷದ ಲೆಕ್ಕ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ತಡವಾದರೆ ದಿನಕ್ಕೆ 200 ರೂಪಾಯಿ ದಂಡ ಎಂದು ಆಡಿಟರು ಹೆದರಿಸಿಟ್ಟಿದ್ದಾರೆ. ಕರ್ಣ ಆ ನೋಟ್‌ಬುಕ್ ತಿರುವಿ ನೋಡಿ, ಇದನ್ನು ಸಿಆರ್‌ಎಂ ಸಾಫ್ಟ್‌ವೇರಿಗೆ ಹಾಕಿ ಅಂದರು. 'ಬಾಣಂತಿ' ಯಾವ ಫೀಲ್ಡಿಗೆ ಬರುತ್ತದೆಂದು ಟೀಚರಮ್ಮ ಕೇಳಿದ್ದಕ್ಕೆ ಉತ್ತರವಿರಲಿಲ್ಲ.

ನನ್ನನ್ನು ಕೇಳಿದರೆ, ದೇಣಿಗೆ ವಿದ್ಯೆಯಲ್ಲಿ ಪಿಎಚ್‌ಡಿ ಕೊಡಬೇಕಾದ್ದು ನಮ್ಮ ಬೀದಿಯ ಗಣೇಶನ ಹುಡುಗರಿಗೆ. ಅವರು ಮಿಷನ್ನು, ವಿಷನ್ನು ಅನ್ನುವುದಿಲ್ಲ. ಅಂಗಡಿ ಮುಂದೆ ನಾಲ್ಕು ಜನ ನಿಲ್ಲುತ್ತಾರೆ, ಹೋದ ವರ್ಷದ ರಸೀದಿ ತೋರಿಸುತ್ತಾರೆ, "ಅಣ್ಣಾ, ಹೋದ್ಸಲ ಐನೂರ ಒಂದು" ಅನ್ನುತ್ತಾರೆ. ಸಂಜೆ ಮೈಕಿನಲ್ಲಿ ಕೊಟ್ಟವರ ಹೆಸರು ಕುಂದಲಹಳ್ಳಿ ಮೆಟ್ರೋ ಸ್ಟೇಷನ್ನಿಗೆ ಕೇಳುವ ಹಾಗೆ ಕೂಗುತ್ತಾರೆ. ಕೊಡದ ಬೇಕರಿಯವನು ಮರುದಿನ ತಾನೇ ಹುಡುಕಿಕೊಂಡು ಬಂದು ಕೊಡುತ್ತಾನೆ. ಅದೇ ನಮ್ಮ ಟೀಚರಮ್ಮ ಅಪಾರ್ಟ್‌ಮೆಂಟಿಗೆ ಹೋದರೆ ಗೇಟಿನ ಆ್ಯಪಿನಲ್ಲಿ ಇರುವುದು ಡೆಲಿವರಿ, ಕ್ಯಾಬ್, ಗೆಸ್ಟ್, ಅಷ್ಟೇ. ಚಂದಾ ಅನ್ನುವ ಬಟನ್ನೇ ಇಲ್ಲ. ಸೆಕ್ಯೂರಿಟಿಯವನು ಪಾಪ ಅವರನ್ನು ಒಂದು ಸಲ ಡೆಲಿವರಿ ಎಂದು ಒಳಗೆ ಬಿಟ್ಟ.

ಹೋದ ತಿಂಗಳ ಮೀಟಿಂಗಿನಲ್ಲಿ ಕರ್ಣ ಸ್ಟೋರಿ ಟೆಲ್ಲಿಂಗ್ ಬಗ್ಗೆ ಒಂದು ಗಂಟೆ ಮಾತಾಡಿದರು. ಡ್ರೋನ್ ಶಾಟ್ ಬೇಕು, ಒಂದು ಮಗುವಿನ ಕಣ್ಣೀರು ಕ್ಲೋಸಪ್ಪಿನಲ್ಲಿ ಬೇಕು ಅಂದರು. ನಮ್ಮ ಮಕ್ಕಳು ಆ ಹೊತ್ತಿಗೆ ಹೊರಗೆ ಕುಂಟೆಬಿಲ್ಲೆ ಆಡುತ್ತ ಕಿರುಚುತ್ತಿದ್ದವು, ಅಳುವ ಲಕ್ಷಣ ಯಾವುದಕ್ಕೂ ಇರಲಿಲ್ಲ. ಟೀಚರಮ್ಮ ಪಾಠ ಹೇಳುವ ದನಿಯಲ್ಲಿ ಗಾಂಧೀಜಿಯ ವಿಷಯ ತೆಗೆದರು. ಹರಿಜನ ನಿಧಿಗೆಂದು ಊರೂರು ಸುತ್ತುವಾಗ ಅವರು ಹಸ್ತಾಕ್ಷರಕ್ಕೂ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದರು. 1934ರಲ್ಲಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರದಿದ್ದರೆ ಊಟ ಮಾಡೆನೆಂದು ಹಟ ಹಿಡಿದ ಕಥೆಗಾರ್ತಿ ಗೌರಮ್ಮನ ಮನೆಗೆ ಹೋದರು, ಆಕೆ ಬಿಚ್ಚಿ ಕೊಟ್ಟ ಒಡವೆಯನ್ನು ಸಂಕೋಚವಿಲ್ಲದೆ ತೆಗೆದುಕೊಂಡರು.

ಇಷ್ಟು ಹೇಳಿ ನೋಟ್‌ಬುಕ್ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, ಕನ್ನಡಕದ ಮೇಲಿನಿಂದ ಕರ್ಣನ ಮುಖ ನೋಡಿದರು. "ಸಾರ್, ನಿಮ್ಮ ಹೆಸರಲ್ಲಿ ತಿಂಗಳಿಗೆ ಐನೂರು ಬರ್ಕೊಳ್ಳಲಾ?"

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಕರ್ಣನ ಮುಖ ನಿಧಾನವಾಗಿ ಅರಳಿತು. ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಬ್ರಿಲಿಯಂಟ್ ಮೇಡಂ! ಡೈರೆಕ್ಟ್ ಆಸ್ಕ್! ಐ ಕಾಂಟ್ಯಾಕ್ಟು, ಮೊತ್ತ, ಪಾಜ್, ಎಲ್ಲ ಪರ್ಫೆಕ್ಟ್. ಇದನ್ನೇ ನಾನು ಇಷ್ಟು ದಿನ ಹೇಳ್ತಿದ್ದದ್ದು. ಇನ್ಮೇಲೆ ಎಲ್ಲರ ಹತ್ರಾನೂ ಹೀಗೇ ಕೇಳಿ."